ಕಳ್ಳನಿಗೊಂದು, ಒಡೆಯನಿಗೊಂದು

ವೈರ್ ಮೇಸ್ತ್ರಿಯ ಕೈಕೆಲಸ ಗುರುತು ಹಿಡಿಯುವುದು ಕಷ್ಟವಿರಲಿಲ್ಲ. ಕಾರಿನ ಎಲೆಕ್ಟ್ರಿಕ್ ಕೆಲಸ ಮಾಡುವವರೆಲ್ಲ ವೈರಿಗೆ ಟೇಪು ಸುತ್ತಿ ಕೈ ತೊಳೆದುಕೊಂಡರೆ, ಈತ ಆ ಟೇಪಿನ ತುದಿಯ ಮೇಲೆ ಮೇಣ ಹಚ್ಚಿದ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕುತ್ತಿದ್ದ. ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ದಾರ ಬಿಡುವುದಿಲ್ಲ ಎಂಬುದು ಅವನ ವಾದ. ಮೂವತ್ತು ವರ್ಷದಲ್ಲಿ ತನ್ನ ಗಂಟು ಬಿಚ್ಚಿಕೊಂಡಿತೆಂದು ಒಂದು ಕಾರೂ ವಾಪಸ್ ಬಂದಿಲ್ಲ ಎಂದು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಅವನದು ಇನ್ನೊಂದು ಪದ್ಧತಿಯೂ ಇತ್ತು. ಕಾರು ಕಳುವಾದರೆ ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಟ್ರ್ಯಾಕರ್ ಹಾಕಿಸಲು ಯಾರಾದರೂ ಬಂದರೆ, ಒಂದೇ ಒಂದು ಹಾಕಿ ಕಳಿಸುವ ಜಾಯಮಾನ ಅವನದಲ್ಲ. ಎರಡು ಹಾಕುತ್ತಿದ್ದ. ಒಂದು ಹುಡುಕಿದರೆ ಸಿಗುವ ಹಾಗೆ ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ತಲೆಕೆಳಗಾಗಿ ನಿಂತರೂ ಸಿಗದ ಹಾಗೆ ಎಲ್ಲೋ ಒಳಗೆ. ಕಳ್ಳ ಮೊದಲನೆಯದನ್ನು ಕಿತ್ತು ಬಿಸಾಕಿ, ಗೆದ್ದೆ ಅಂದುಕೊಂಡು ನೆಮ್ಮದಿಯಾಗಿ ಹೋಗುತ್ತಾನೆ, ಸಂಜೆಯೊಳಗೆ ಸಿಕ್ಕಿಬೀಳುತ್ತಾನೆ. ಕಳ್ಳನಿಗೊಂದು, ಒಡೆಯನಿಗೊಂದು ಎಂದು ಹೇಳಿಕೊಂಡು ಮೇಸ್ತ್ರಿ ಒಬ್ಬನೇ ನಗುತ್ತಿದ್ದ.

ಆ ದಿನ ಬೆಳಿಗ್ಗೆ ಗ್ಯಾರೇಜಿನೊಳಗೆ ಬಂದು ನಿಂತದ್ದು ಮಗಳ ಕಾರು. ಇರುವವಳು ಅವಳೊಬ್ಬಳೇ. ಹೆಂಡತಿ ತೀರಿಹೋದ ಮೇಲೆ, ದಿನಾ ಶಾಲೆ ಮುಗಿಸಿ ಬಂದ ಮಗುವನ್ನು ಮೇಸ್ತ್ರಿ ಇದೇ ಬೆಂಚಿನ ಮೇಲೆ ಕೂರಿಸಿಕೊಂಡು ಸಾಕಿದ್ದ. ಬೇರೆ ಮಕ್ಕಳು ಗೊಂಬೆಗೆ ಬಟ್ಟೆ ತೊಡಿಸುವ ವಯಸ್ಸಿನಲ್ಲಿ ಇವಳು ಹಳೆಯ ವೈರುಗಳಿಗೆ ದಾರ ಸುತ್ತುತ್ತಿದ್ದಳು. ಹತ್ತು ತುಂಬುವುದರೊಳಗೆ ಕಣ್ಣು ಮುಚ್ಚಿ ಕೈಯಲ್ಲಿ ಮುಟ್ಟಿ, ಇದು ರಿಲೇ, ಇದು ಫ್ಯೂಸು, ಇದು ಹಾರನ್ನಿನ ವೈರು ಎಂದು ಹೇಳುವಷ್ಟಾಗಿದ್ದಳು. ಗ್ಯಾರೇಜಿಗೆ ಬಂದವರ ಮುಂದೆಲ್ಲ ಅದನ್ನು ಮಾಡಿಸಿ ತೋರಿಸುವುದೇ ಅಪ್ಪನಿಗೊಂದು ಹಬ್ಬ.

ಬಂದವಳು ನೀರು ಕೂಡ ಕೇಳಲಿಲ್ಲ. ಡ್ರೈವರ್ ಸೀಟಿನ ಪಕ್ಕ ಮೊಣಕಾಲೂರಿ, ಸ್ಟೀರಿಂಗಿನ ಕೆಳಗಿನ ಮುಚ್ಚಳ ತೆಗೆದು, ಟಾರ್ಚು ಬಿಟ್ಟು ಅಪ್ಪನನ್ನು ಕರೆದಳು. ಒಂದೊಂದನ್ನೇ ಮುಟ್ಟಿ ಹೇಳುತ್ತಾ ಹೋದಳು. ಇದು ಚಾವಣಿಯ ರೇಡಿಯೋ ಆಂಟೆನಾದಿಂದ ಇಳಿದು ಬಂದ ವೈರು. ಇದು ಕೀಲಿ ತೂರಿಸುವ ಜಾಗದ ಸುತ್ತ ಇರುವ ಕಾಯಿಲ್, ಸರಿಯಾದ ಕೀಲಿಯೋ ಅಲ್ಲವೋ ನೋಡುವುದು. ಇದು ಬಾಗಿಲಿನ ರಿಮೋಟಿನ ಮಾತು ಕೇಳಿಸಿಕೊಳ್ಳುವ ಡಬ್ಬಿ. ಆಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದರ ಮೇಲೆ ಬೆರಳಿಟ್ಟಳು. ಅದರಿಂದ ಹೊರಟ ತೆಳ್ಳನೆಯ ವೈರಿನ ತುದಿಯಲ್ಲಿ ಚೌಕನೆಯ ಪುಟ್ಟ ಆಂಟೆನಾ ಆಕಾಶಕ್ಕೆ ಮುಖ ಮಾಡಿ ಅಂಟಿಕೊಂಡಿತ್ತು.

"ಇದ್ಯಾವುದಪ್ಪ?"

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು. ಗೆಳತಿಯ ಮನೆಗೆ ಹೋದರೆ ಅರ್ಧ ಗಂಟೆಯಲ್ಲಿ ಗಂಡ ಆ ಮನೆಯ ಗೇಟಿನ ಮುಂದೆ. ಡಾಕ್ಟರ ಹತ್ತಿರ ಹೋದರೆ ಅಲ್ಲಿಯ ಬೆಂಚಿನ ಮೇಲೆ. ಒಮ್ಮೆ ಸುಮ್ಮನೆ ಕೆರೆಯ ದಂಡೆಯಲ್ಲಿ ಕೂತು ಅತ್ತು ಬರೋಣವೆಂದು ಹೋದರೆ, ಅಲ್ಲೂ ಬೆನ್ನ ಹಿಂದೆ ಅವನೇ. ಮನೆಗೆ ಬಂದ ಮೇಲೆ ನಡೆಯುವುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಟಾರ್ಚು ಹಿಡಿದ ಕೈಯ ತೋಳಿನ ಬಟ್ಟೆ ಮೇಲೆ ಸರಿದು, ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಕಪ್ಪುಗಟ್ಟಿದ ಗುರುತು ಕಾಣುತ್ತಿತ್ತು. ಮೇಸ್ತ್ರಿ ನೋಡಿದ. ನೋಡಿ, ಬ್ಯಾಟರಿಯ ಕಡೆ ಮುಖ ತಿರುಗಿಸಿದ. ಹಿಂದೆ ಎರಡು ಸಲ ಅವಳು ಅಳುತ್ತ ಬಂದಾಗಲೂ ಹೀಗೇ ಮಾಡಿದ್ದ, ಸ್ವಲ್ಪ ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ವಾಪಸ್ ಕಳಿಸಿದ್ದ, ಮಹಾನುಭಾವ.

ಈ ಸಲ ಅವಳು ವಾಪಸ್ ಹೋಗುವುದಕ್ಕೆ ಬಂದಿರಲಿಲ್ಲ. ಡಿಕ್ಕಿಯಲ್ಲಿ ಬಟ್ಟೆಯ ಚೀಲವಿತ್ತು. ಫೋನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದಳು. ಎಲ್ಲೋ ಒಂದು ಕೋಣೆ ಹಿಡಿದಿದ್ದಳು. ಇಲ್ಲಿಂದ ಸೀದಾ ಅಲ್ಲಿಗೆ, ಇದೊಂದು ಸಲ ಗಂಡನ ಕಣ್ಣು ತಪ್ಪಿಸಿಬಿಟ್ಟರೆ ಸಾಕು ಎಂದಳು. ಮತ್ತೆ ಸಿಕ್ಕಿಬಿದ್ದರೆ ಅವನು ಬದುಕಲು ಬಿಡುವುದಿಲ್ಲ ಎಂದು, ಅಂಗಡಿಯ ಸಾಮಾನಿನ ಪಟ್ಟಿ ಹೇಳುವಷ್ಟು ತಣ್ಣಗೆ ಹೇಳಿದಳು.

ಹಾಗೆ ಹೇಳುತ್ತಲೇ ಪೆಟ್ಟಿಗೆಯನ್ನು ಈಚೆ ಎಳೆದಳು. ವೈರು ಬೆಳಕಿಗೆ ಬಂತು. ಟೇಪಿನ ತುದಿಯ ಮೇಲೆ ಮೇಣದ ದಾರ, ಮೂರು ಸುತ್ತು, ಒಂದು ಗಂಟು.

ಮಗಳು ಟಾರ್ಚನ್ನು ಆ ಗಂಟಿನ ಮೇಲೆಯೇ ಹಿಡಿದು ಅಪ್ಪನ ಕಡೆ ತಿರುಗಿದಳು.

ಮೇಸ್ತ್ರಿ ತಡವರಿಸಿದ. ನಾಲ್ಕು ತಿಂಗಳ ಹಿಂದೆ ಅಳಿಯಂದಿರೇ ಕಾರು ತಂದಿದ್ದರು, ಕಳ್ಳರ ಕಾಟ ಅಂದರು, ಕಾರಿನ ಒಳ್ಳೆಯದಕ್ಕೇ ಅಂದರು, ನಾನೇನು ಕನಸು ಕಂಡೆನೇ ಎಂದೆಲ್ಲ ಒದರಿದ.

"ಅವರು ಕಾಯ್ತಿದ್ದದ್ದು ಕಾರನ್ನಾ ಅಪ್ಪ, ನನ್ನನ್ನಾ?" ಎಂದು ಮಗಳು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಬೆಂಚಿನ ಮೇಲಿದ್ದ ಕಟರ್ ತೆಗೆದುಕೊಂಡು ತಾನೇ ದಾರ ಕತ್ತರಿಸಿ, ಪೆಟ್ಟಿಗೆಯನ್ನು ಕಿತ್ತು ಅಪ್ಪನ ಅಂಗೈಯಲ್ಲಿಟ್ಟಳು. ಅವಳು ಯಾರ ಮಗಳು? ಈ ಮನೆಯ ಪದ್ಧತಿ ಅವಳಿಗೆ ಗೊತ್ತಿಲ್ಲವೇ?

"ಇನ್ನೊಂದು ಎಲ್ಲಿ?"

ಇನ್ನೊಂದು ಹಿಂದಿನ ಬಂಪರಿನ ಒಳಗಿತ್ತು. ಎಂಟು ಸ್ಕ್ರೂ ಬಿಚ್ಚಿದರೆ ಹತ್ತು ನಿಮಿಷದ ಕೆಲಸ. ಹೇಳಬೇಕೆಂದು ಮೇಸ್ತ್ರಿಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವಳು ಹೋಗುವ ಜಾಗ ಯಾವುದೆಂದು ಕೇಳಿದಾಗ, ನಿನಗೂ ಹೇಳಲ್ಲ ಅಪ್ಪ ಎಂದುಬಿಟ್ಟಿದ್ದಳು. ಆ ಮಾತು ಅವನಿಗೆ ಚುಚ್ಚಿತ್ತು. ಹಾಕುವ ದಿನ ಪರೀಕ್ಷೆಗೆಂದು ತನ್ನ ಫೋನಿಗೂ ಅದನ್ನು ಜೋಡಿಸಿಕೊಂಡಿದ್ದವನು, ಆಮೇಲೆ ತೆಗೆದೇ ಇರಲಿಲ್ಲ. ನಾಲ್ಕು ತಿಂಗಳು ದಿನಾ ಸಂಜೆ ಮಗಳು ಎಲ್ಲಿದ್ದಾಳೆಂದು ನೋಡಿಕೊಂಡು, ಇದ್ದಾಳಲ್ಲ ಎಂದು ಸಮಾಧಾನಪಟ್ಟು ಮಲಗುತ್ತಿದ್ದ. ಬಂಪರು ಬಿಚ್ಚಿದರೆ ಆ ಚುಕ್ಕಿಯೂ ಆರಿಹೋಗುತ್ತದೆ. ನಾಲ್ಕು ದಿನ ಕೋಪ ಇಳಿಯಲಿ, ಅಳಿಯನಿಗೆ ನಾನೇ ಬುದ್ಧಿ ಹೇಳುತ್ತೇನೆ ಎಂದುಕೊಂಡ. ಹೇಳಿದ್ದನ್ನು ಕೇಳುವ ಅಳಿಯನೇ ಅದು!

"ನಿನ್ನ ಕಾರಿಗೆ ಒಂದೇ ಹಾಕಿದ್ದು ಪುಟ್ಟಿ" ಎಂದ.

"ನನ್ನ ಮುಖ ನೋಡಿ ಹೇಳು."

ಮುಖ ನೋಡಿಯೇ ಹೇಳಿದ. ಬೆಂಚಿನ ಮೇಲೆ ಕೂತು ಬೆಳೆದ ಮಗು, ಅಪ್ಪನ ಮಾತನ್ನು ನಂಬಿತು. ಹೊರಡುವ ಮುಂಚೆ ಎಣ್ಣೆ ಮೆತ್ತಿದ ಅವನ ಅಂಗಿಗೆ ಮುಖ ಒತ್ತಿ ಒಂದು ಗಳಿಗೆ ನಿಂತಳು. ಆಮೇಲೆ ಹೋದಳು.

ಮೇಸ್ತ್ರಿ ಫೋನು ತೆಗೆದ. ಚುಕ್ಕಿ ದೊಡ್ಡ ರಸ್ತೆ ಹಿಡಿದು, ರೈಲು ಹಳಿ ದಾಟಿ, ಊರಿನ ಇನ್ನೊಂದು ತುದಿಯ ಸಣ್ಣ ಬೀದಿಯಲ್ಲಿ ನಿಂತಿತು. ಅಬ್ಬ, ತಲುಪಿದಳು ಎಂದು ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಅದೇ ಚುಕ್ಕಿ ಇನ್ನೊಬ್ಬನ ಫೋನಿನಲ್ಲೂ ನಿಂತಿದೆ ಎನ್ನುವುದು ನೆನಪಾದದ್ದು ಆಮೇಲೆ. ಮೊದಲು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಅವಳ ಹತ್ತಿರ ಫೋನಿಲ್ಲ. ಸ್ಕೂಟರಿನಲ್ಲಿ ಹೋದರೆ ಮುಕ್ಕಾಲು ಗಂಟೆ. ಹೋಗಬೇಕೆಂದು ಎದ್ದ. ಎದುರಿಗೆ ಯಾರದೋ ಕಾರಿನ ಹಾರನ್ನಿನ ವೈರು ಬಿಚ್ಚಿ ನೇತಾಡುತ್ತಿತ್ತು, ಅದರ ಮಾಲೀಕ ಬಾಗಿಲಲ್ಲೇ ನಿಂತಿದ್ದ. ಇದೊಂದು ಮುಗಿಸಿ ಹೊರಡುತ್ತೇನೆ ಎಂದುಕೊಂಡು ಕೂತ. ಟೇಪು ಸುತ್ತಿದ, ದಾರ ಸುತ್ತಿದ, ಗಂಟು ಹಾಕಿದ. ತಲೆ ಎತ್ತುವಷ್ಟರಲ್ಲಿ ಚುಕ್ಕಿ ಆ ಬೀದಿ ಬಿಟ್ಟು ಹೊರಟಿತ್ತು. ರೈಲು ಹಳಿ ದಾಟಿತು, ದೊಡ್ಡ ರಸ್ತೆಗೆ ಬಂತು. ಮಗಳು ಮನಸ್ಸು ಬದಲಾಯಿಸಿ ಅಪ್ಪನ ಹತ್ತಿರ ಬರುತ್ತಿದ್ದಾಳೆ ಎಂದು ಆ ಪುಣ್ಯಾತ್ಮ ಎದ್ದು ಬೆಂಚು ಒರೆಸಿದ.

ಕಾರು ಬಂದು ನಿಂತಿತು. ಇಳಿದವನು ಅಳಿಯ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಬಲಗೈಯ ಗೆಣ್ಣುಗಳ ಮೇಲೆ ಮಾತ್ರ ಸುಲಿದ ಗಾಯ. ಪಕ್ಕದ ಸೀಟಿನಲ್ಲಿ ಮಗಳು. ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತುಟಿಯಿಂದ ಇಳಿದ ರಕ್ತ ಗಲ್ಲದ ಮೇಲೆ ಒಣಗಿತ್ತು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮಾವ" ಎಂದ ಅಳಿಯ, ಬಹಳ ಮರ್ಯಾದೆಯಿಂದ. "ಇನ್ನೊಂದು ಚಿಕ್ಕ ಕೆಲಸ ಇದೆ. ಆ ಪಕ್ಕದ ಬಾಗಿಲು ಒಳಗಿಂದ ತೆಗೆಯೋಕೆ ಬರಬಾರದು. ಸ್ವಿಚ್ಚು ನನ್ನ ಕಡೆ ಇರಲಿ."

ಮೇಸ್ತ್ರಿ ಸ್ಪ್ಯಾನರು ಎತ್ತಿ ಅವನ ತಲೆ ಒಡೆಯಬಹುದಿತ್ತು. ಕೂಗಿದರೆ ಬೀದಿಯೇ ಬರುತ್ತಿತ್ತು. ಬೇಡ ಅಂದರೆ ಇವಳಿಗೆ ಇನ್ನೂ ಹೊಡೆತ ಬೀಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಸ್ಕ್ರೂಡ್ರೈವರ್ ಹಿಡಿದು, ಆ ಬಾಗಿಲು ತೆಗೆದು, ಮಗಳ ಕಾಲ ಬಳಿ ಕೂತು ಒಳಗಿನ ಹಲಗೆ ಬಿಚ್ಚತೊಡಗಿದ.

ಅವಳು ಅಳಲಿಲ್ಲ, ಬೈಯಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು. ಹೊಸ ವೈರು ಸೇರಿಸಿ, ಟೇಪು ಸುತ್ತಿ, ಅವನು ಅಲ್ಲಿಗೇ ನಿಲ್ಲಿಸಿದಾಗ ಒಡೆದ ತುಟಿಯನ್ನು ಮೆಲ್ಲಗೆ ಬಿಡಿಸಿದಳು.

"ದಾರ ಸುತ್ತಪ್ಪ" ಎಂದಳು. "ಬಿಚ್ಕೊಂಡ್ಬಿಟ್ಟೀತು."