ಕೆಂಚಿಯ ಉಪವಾಸ

ದೊಡ್ಡಬಸಪ್ಪನವರ ಮನೆಯ ನಾಯಿ ಕೆಂಚಿ ಕೂಡ ಶ್ರಾವಣದ ಉಪವಾಸ ಹಿಡಿಯುತ್ತದೆಂಬುದು ವಳಕಮದಿನ್ನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತು ಮಾಡಿದವರು ಅವರೇ. ಶ್ರಾವಣ ತಿಂಗಳೆಲ್ಲ ಅವರಿಗೆ ಒಪ್ಪತ್ತು. ರಾತ್ರಿ ಲಿಂಗಪೂಜೆಯಾದ ಮೇಲೆಯೇ ಊಟ; ಕೆಂಚಿಗೂ ಆಗಲೇ. ಹಗಲು ಅವರೆದುರು ರೊಟ್ಟಿ ಹಾಕಿದರೂ ಕೆಂಚಿ ಮೂಸುತ್ತಿರಲಿಲ್ಲ. “ನಾಯಿಗಿರೋ ಭಕ್ತಿ ನಿಮಗಿಲ್ಲಲ್ರೋ” ಎಂದು ಕಟ್ಟೆಯ ಮೇಲೆ ಕುಳಿತವರನ್ನು ಹಂಗಿಸುತ್ತಿದ್ದರು.

ಈ ಸಲದ ಶ್ರಾವಣಕ್ಕೆ ಹೆಂಡತಿ ಶೇಖರಮ್ಮ ಇರಲಿಲ್ಲ. ಯುಗಾದಿಗೆ ಮುಂಚೆ ತೀರಿಕೊಂಡಿದ್ದಳು. ಅವಳು ಸಾಕಿದ ಕೆಂಚಿಗೆ ಗರ್ಭಕೋಶದಲ್ಲಿ ಕೀವಾಗಿ, ಲಿಂಗಸುಗೂರಿನ ದನದ ಡಾಕ್ಟರು ಅಶ್ವಿನಿ ಹೊಟ್ಟೆ ಕೊಯ್ದು, ಗರ್ಭಕೋಶವನ್ನೇ ತೆಗೆದು ಹೊಲಿಗೆ ಹಾಕಿದ್ದರು. ನೋವು, ಬಾವು ಇಳಿಯಲು ಐದು ಮಾತ್ರೆ ಕೊಟ್ಟು, “ಮುಂಜಾನಿಗೊಂದು, ಹೊಟ್ಟಿ ತುಂಬ ಉಂಡ ಮ್ಯಾಲೆ” ಎಂದು ಎರಡು ಸಲ ಹೇಳಿದ್ದರು. ದೊಡ್ಡಬಸಪ್ಪ ದಿನಾ ಬೆಳಿಗ್ಗೆ ಮಾತ್ರೆ ಕೊಟ್ಟರು, ಬರಿಹೊಟ್ಟೆಗೆ. ಔಷಧದಿಂದ ವ್ರತ ಕೆಡದು, ಅನ್ನದಿಂದ ಕೆಡುತ್ತದೆ. ಶೇಖರಮ್ಮನಿಲ್ಲದ ಮೊದಲ ಶ್ರಾವಣದಲ್ಲೇ ಅವಳ ನಾಯಿಯ ವ್ರತ ಕೆಡಿಸುವುದು ಅವರಿಗೆ ಆಗಲಿಲ್ಲ.

ನಾಲ್ಕನೆಯ ದಿನ ಕೆಂಚಿ ರಕ್ತ ಕಾರಿತು. ಮಲ ಡಾಂಬರಿನಂತೆ ಕಪ್ಪಾಗಿತ್ತು. ನೆರೆಮನೆಯ ಮಾಬುಬೀ ಮಗನ ಟಂಟಂ ಆಟೊ ತರಿಸಿ, ನಾಯಿಯನ್ನು ತಾನೇ ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಲಿಂಗಸುಗೂರು ಮುಟ್ಟುವವರೆಗೆ ದೊಡ್ಡಬಸಪ್ಪ ಪಂಚಾಕ್ಷರಿ ಜಪಿಸುತ್ತಲೇ ಇದ್ದರು.

ದವಾಖಾನೆಯಲ್ಲಿ ಕುರಿ ಹಿಡಿದವರು, ಎಮ್ಮೆ ಕರು ತಂದವರು ಸುತ್ತ ನಿಂತಿದ್ದರು. ಅಶ್ವಿನಿ ಕೆಂಚಿಯ ವಸಡು ಒತ್ತಿ ನೋಡಿದರು.

“ಅಜ್ಜಾರ, ಮಾತ್ರಿ ಊಟ ಆದಮ್ಯಾಲೇ ಕೊಟ್ಟೀರಿಲ್ಲ?”

ಅಷ್ಟು ಜನ. ಹಣೆಯ ಮೇಲೆ ಮೂರೆಳೆ ವಿಭೂತಿ.

“ಹ್ಞೂಂ ರೀ” ಎಂದರು ದೊಡ್ಡಬಸಪ್ಪ.

“ಹಂಗಾದ್ರ ಕೊಯ್ದಾಗ ಕರುಳಿಗೆ ಗಾಯ ಆಗಿ ರಕ್ತ ಸೋರಾಕತ್ತಿರಬೇಕು. ಮತ್ತ ಹೊಟ್ಟಿ ಕೊಯ್ಯಬೇಕಾಗ್ತದ. ಇಷ್ಟು ಸೊರಗಿದ್ದು ತಡಕೊಳ್ತದೋ ಇಲ್ಲೋ ಹೇಳಂಗಿಲ್ರಿ.”

ಕಂಪೌಂಡರ್ ಸೂಜಿಗೆ ಮತ್ತಿನ ಔಷಧ ತುಂಬತೊಡಗಿದ. ಕೆಂಚಿ ಕೂಗಲಿಲ್ಲ. ಕಣ್ಣೆತ್ತಿ ದೊಡ್ಡಬಸಪ್ಪನವರನ್ನೇ ನೋಡಿತು. ಅವರು ಸೂಜಿಗೆ ಕೈ ಅಡ್ಡ ಹಿಡಿದರು.

“ತಡೀಯವ್ವ, ಸುಳ್ಳು ಹೇಳಿದೆ” ಎಂದರು. “ಉಣ್ಣಿಸಿಲ್ಲ. ನಾಕೂ ದಿನ ಖಾಲಿ ಹೊಟ್ಟಿಗೆ ಕೊಟ್ಟೀನಿ. ಶ್ರಾವಣ ಅಂತ ಉಪವಾಸ ಕೆಡವಿದ್ದೆ.”

ಎಮ್ಮೆ ಕರುವಿನವನು ಪಕ್ಕನೆ ನಕ್ಕ. ಅಶ್ವಿನಿ ಸೂಜಿಯನ್ನು ಕೆಳಗಿಡಿಸಿದರು.

“ಈ ಮಾತ್ರಿ ನೋವು ಇಳಸ್ತದ್ರಿ, ಖರೆ. ಖಾಲಿ ಹೊಟ್ಟಿ ಸಿಕ್ರ ಹೊಟ್ಟೀನ ಹುಣ್ಣು ಮಾಡ್ತದ. ಈಗರೆ ಹೇಳಿದ್ರಲ್ಲ, ಪುಣ್ಯಾ ಮಾಡಿದ್ರಿ.”

ಆ ಮಾತ್ರೆ ನಿಲ್ಲಿಸಿ, ನೋವಿಗೆ ಬೇರೆ ಸೂಜಿ, ಹೊಟ್ಟೆಗೆ ಔಷಧ, ಸಲೈನ್ ಕೊಟ್ಟರು.

ಹೊರಗೆ ಬೇವಿನ ನೆರಳಲ್ಲಿ ಮಾಬುಬೀ ದೊಡ್ಡಬಸಪ್ಪನವರ ಪಕ್ಕ ಬಂದು ಕುಳಿತಳು.

“ಅಜ್ಜಾರ, ಬೈಬ್ಯಾಡ್ರಿ. ಕೆಂಚಿ ಯಾವತ್ತು ರೋಜಾ, ಉಪವಾಸ ಮಾಡಿತ್ರಿ? ಶೇಖರಮ್ಮಕ್ಕ ದಿನಾ ಮುಂಜಾನಿ ಹಿತ್ತಲದಾಗ ಹಾಲು ರೊಟ್ಟಿ ಕಲಸಿ ಹಾಕ್ತಿದ್ಲು. ‘ನಮ್ಮನಿಯವ್ರ ಮುಂದ ತಿನ್ನಬ್ಯಾಡ ನೋಡವ್ವ, ಅವ್ರ ಮನಸಿಗೆ ಹತ್ತತದ’ ಅಂತಿದ್ಲು. ನಿಮ್ಮ ಮುಂದ ಬಾಯಿ ಹಾಕಿದ್ರ ಬಟ್ಟಲಾ ಎತ್ತಿಕೊಂಡು ಹೋಗಿಬಿಡ್ತಿದ್ಲು.”

ಎಷ್ಟು ವರ್ಷ, ಎಷ್ಟು ಕಟ್ಟೆಗಳ ಮೇಲೆ! ತಾನು ಹೊಗಳಿಕೊಂಡಾಗಲೆಲ್ಲ ಶೇಖರಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದುದು ದೊಡ್ಡಬಸಪ್ಪನವರಿಗೆ ಈಗ ನೆನಪಾಯಿತು.

ಇಳಿಹೊತ್ತಿಗೆ ವಾಂತಿ ನಿಂತಿತು. “ಮೆತ್ತನ ಅನ್ನ ಒಂದೀಟು ಹಾಕ್ರಿ” ಎಂದರು ಅಶ್ವಿನಿ. ಮಸ್ಕಿಯಲ್ಲಿ ಟಂಟಂ ನಿಲ್ಲಿಸಿ, ಖಾನಾವಳಿಯಲ್ಲಿ ಅನ್ನವನ್ನು ಮುದ್ದೆಯಾಗುವಂತೆ ಬೇಯಿಸಿ ಕೊಡಲು ಹೇಳಿ, ದೊಡ್ಡಬಸಪ್ಪ ಕೈಯಿಂದಲೇ ಕಿವುಚಿ ಎಲೆಯ ಮೇಲಿಟ್ಟರು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಕೆಂಚಿ ಅನ್ನವನ್ನು ನೋಡಿತು, ಅವರ ಮುಖವನ್ನು ನೋಡಿತು. ಬಾಯಿ ಹಾಕಲಿಲ್ಲ.

“ತಿನ್ನವ್ವ” ಎಂದರು. ಅದು ಜೊಲ್ಲು ನುಂಗಿ ಮುಖ ತಿರುಗಿಸಿತು.

ದೊಡ್ಡಬಸಪ್ಪ ಮೆಲ್ಲನೆ ಎದ್ದು, ಅದಕ್ಕೆ ಬೆನ್ನು ಮಾಡಿ ರಸ್ತೆಯ ಕಡೆ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಎಲೆ ಸರಸರ ಎಂದಿತು, ಅನ್ನ ನೆಕ್ಕುವ ಸಪ್ಪಳ ಕೇಳಿತು. ಸಪ್ಪಳ ನಿಲ್ಲುವವರೆಗೂ ಅವರು ತಿರುಗಿ ನೋಡಲಿಲ್ಲ.