ಹುಲ್ಲುಗಾವಲಿಗೆ ಬೆಂಕಿ ಇಟ್ಟ ದಿನ

ಅಖ್ತರ್ ಬೇಗಂ ಫ್ರಿಜ್ಜಿನಿಂದ ಗಂಡ ಕೂಡಿಟ್ಟ ಹೂಬೀಜದ ಚೀಲಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದರು. ಕಾಡುಹೂವಿನ ಬೀಜಗಳನ್ನು ಒದ್ದೆ ಮರಳಿನಲ್ಲಿ ಕಲಸಿ, ಚಳಿಗಾಲ ಕಳೆಯುವ ತನಕ ತಂಪಿನಲ್ಲಿರಲಿ ಎಂದು ಅವರು ಇಟ್ಟದ್ದು. ಈಗ ಮಸೀದಿಯವರು ತಂದ ಬಿರಿಯಾನಿ ಟ್ರೇಗಳಿಗೆ ಜಾಗ ಬೇಕಾಗಿತ್ತು.

"ಅಮ್ಮೀ, ಇದನ್ನ ಟ್ರ್ಯಾಶ್‌ಗೆ ಹಾಕ್ಲಾ?" ಸೊಸೆ ಆಫ್ರೀನ್ ಮೆಲ್ಲಗೆ ಕೇಳಿದಳು.

"ಬೇಡಮ್ಮ. ಬಿರಿಯಾನಿ ಡೆಕ್ ಮೇಲಿಡು. ಹೊರಗೆ ಹೇಗೂ ಚಳಿ ಇದೆ."

ಚೀಲಗಳು ಮತ್ತೆ ಒಳಗೆ ಹೋದವು.

ಅನ್ವರ್ ಪಾಷಾ ಹಿಂದಿನ ದಿನ ಮಧ್ಯಾಹ್ನ ಹೃದಯಾಘಾತದಿಂದ ತೀರಿಕೊಂಡಿದ್ದರು. ಮೈಸೂರಿನಿಂದ ಅಮೆರಿಕದ ಡರ್ಹಮ್‌ಗೆ ಬಂದು, ಕೆಲಸದಿಂದ ನಿವೃತ್ತರಾಗುವವರೆಗೆ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತ ಮನುಷ್ಯ. ಇವತ್ತು ಮಧ್ಯಾಹ್ನದ ನಮಾಜಿನ ನಂತರ ದಫನ್. ಮಗ ಇಜಾಜ್ ಪಕ್ಕದ ರಾಜ್ಯದ ಫೋರ್ಟ್ ಮಿಲ್‌ನಿಂದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ.

ಬಾಗಿಲ ಬಳಿ ವೀರಣ್ಣ ಬಂದು ನಿಂತರು. ಹುಬ್ಬಳ್ಳಿ ಕಡೆಯ ನಿವೃತ್ತ ಇಂಜಿನಿಯರು; ಪಾಷಾರ ಜೊತೆ ಬಡಾವಣೆಯ ಹಿಂದಿನ ಹುಲ್ಲುಗಾವಲಿನಲ್ಲಿ ಕಾಡುಹೂ ಉಳಿಸಲು ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ ಒಬ್ಬರು. ಸಾವಿನ ಮನೆಗೆಂದು ಬಿಳಿ ಜುಬ್ಬಾ ಹಾಕಿಕೊಂಡಿದ್ದರು.

"ಅಕ್ಕಾರ, ಇವತ್ತ ಕೇಳಬಾರದ್ದು ಕೇಳ್ತೀನ್ರಿ. ಹುಲ್ಲಿಗೆ ಬೆಂಕಿ ಹಚ್ಚಾಕ ಇವತ್ತ ಪರ್ಮಿಷನ್ ಸಿಕ್ಕೈತಿ. ಗಾಳಿ ಸರಿ ಐತಿ. ನಾಳಿಂದ ವಾರಗಟ್ಟಲೆ ಮಳಿ ಅಂತಾರ. ಆಮ್ಯಾಲೆ ಚಿಗುರು ಬಂದಬಿಡ್ತೈತಿ, ಮತ್ತ ಮುಂದಿನ ವರ್ಷನ. ನೀವು ಬ್ಯಾಡ ಅಂದ್ರ ನಿಲ್ಲಿಸ್ತೀವ್ರಿ."

ಅಖ್ತರ್ ಬೇಗಂ ಬಾಯಿ ತೆರೆಯುವ ಮೊದಲೇ ಇಜಾಜ್ ಎದ್ದು ಬಂದ.

"ಅಂಕಲ್, ಪ್ಲೀಸ್. ಅಬ್ಬಾನ ಮಣ್ಣು ಮಾಡೋ ದಿನ ಬೆಂಕಿನಾ? ನಮ್ಮಲ್ಲಿ ಮಣ್ಣಿಗೆ ಒಯ್ಯೋವಾಗ ಜನಾಜದ ಜೊತೆ ಬೆಂಕಿ ಬರಬಾರದು ಅಂತಾರೆ. ಕ್ಯಾನ್ಸಲ್ ಮಾಡಿ."

ವೀರಣ್ಣ ತಲೆ ತಗ್ಗಿಸಿದರು.

*

ಲಾಕ್‌ಡೌನ್ ಬೇಸಿಗೆಯಲ್ಲಿ ಇದೆಲ್ಲ ಶುರುವಾದದ್ದು. ಮನೆಯೊಳಗೆ ಕೂತು ಕೂತು ಬೇಸತ್ತ ಪಾಷಾ, ಬಡಾವಣೆಯ ಹಿಂದೆ ಕರೆಂಟಿನ ದೊಡ್ಡ ತಂತಿಗಳು ಹಾದುಹೋಗುವ ಬಯಲಿನಲ್ಲಿ ನಡೆಯತೊಡಗಿದರು. ಅಲ್ಲೊಂದು ತಿಳಿಗುಲಾಬಿ ಬಣ್ಣದ ಹೂವು ಕಂಡು, ಚಿತ್ರವನ್ನು ಊರಿನ ನಿಸರ್ಗಾಸಕ್ತರ ಗುಂಪಿಗೆ ಕಳಿಸಿದರು. "ಎಲ್ಲೈತ್ರಿ ಇದು?" ಎಂದು ಫೋನು ಮಾಡಿದವರು ವೀರಣ್ಣ. ಅಪರೂಪದ ಹೂವಂತೆ, ಒಂದಾನೊಂದು ಕಾಲಕ್ಕೆ ಇಲ್ಲೆಲ್ಲ ಹುಲ್ಲುಗಾವಲೇ ಇತ್ತಂತೆ.

ಒಂದು ಸಲ ಪಾಷಾ ಪೊದೆಯ ಬದಿ ಮಂಡಿಯೂರಿ ಕೂತಿದ್ದಾಗ ಪಕ್ಕದ ಬೀದಿಯ ಡೋರಿಸ್ ಎಂಬ ಮುದುಕಿ, ಯಾರೋ ಅಪರಿಚಿತ ಅಡಗಿದ್ದಾನೆಂದು ಪೊಲೀಸರನ್ನು ಕರೆಸಿದಳು. "ಇನ್ನು ಹೋಗ್ಬೇಡಿ ಅಂದ್ರೆ ಹೋಗ್ಬೇಡಿ," ಎಂದು ಅಖ್ತರ್ ಬೇಗಂ ಕೂಗಾಡಿದ್ದರು. ಮರುವಾರ ಗಂಡ ಹೋದದ್ದು ಆ ಡೋರಿಸ್‌ಳ ಬಾಗಿಲಿಗೇ, ಭಾನುವಾರದ ಹೂವಿನ ನಡಿಗೆಗೆ ಕರೆಯಲು. ಅವಳು ಬಂದೇ ಬಂದಳು. ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ.

ಗಂಡ ಬೆಂಕಿಯ ವಿಷಯ ಎತ್ತಿದಾಗ ಮಾತ್ರ ಅಖ್ತರ್ ಬೇಗಂ ನಕ್ಕುಬಿಟ್ಟಿದ್ದರು. "ಹೂ ಉಳಿಸೋಕೆ ಬೆಂಕಿನಾ?"

"ಬೇರು ಕೆಳಗಿದೆ ಅಖ್ತರ್, ಅದಕ್ಕೇನೂ ಆಗಲ್ಲ. ಮೇಲಿನ ಗಿಡಗಂಟಿ ಸುಟ್ಟುಹೋದ್ರೆ ಪಾಪ ಹೂವಿಗೂ ಸ್ವಲ್ಪ ಬಿಸಿಲು ಸಿಗುತ್ತೆ."

ಒಂದು ಚಳಿಗಾಲ ಮಳೆಯಿಂದ ಕೆಟ್ಟಿತು. ಇನ್ನೊಂದು, ಹೊಗೆ ಬರುತ್ತದೆಂದು ಜನ ತಕರಾರು ತೆಗೆದು. ಈ ವರ್ಷ ಪಾಷಾ ಮನೆ ಮನೆ ಸುತ್ತಿ ಎಲ್ಲರನ್ನೂ ಒಪ್ಪಿಸಿದ್ದರು. ಅಷ್ಟರಲ್ಲಿ ಮರದ ಸಸಿಗಳು ಎದೆಯೆತ್ತರ ಬೆಳೆದು ಹೂಗಿಡಗಳನ್ನು ಮುಚ್ಚಿಬಿಟ್ಟಿದ್ದವು.

*

"ಬೆಂಕಿ ಹಚ್ಚುವಾಗ ಅವರ ಜಾಗದಲ್ಲಿ ಯಾರು ನಿಲ್ತಾರೆ?" ಅಖ್ತರ್ ಬೇಗಂ ಕೇಳಿದರು.

"ಟ್ರೈನಿಂಗ್ ಆದವರು ನಾನೊಬ್ಬನ ಉಳಿದೀನ್ರಿ. ಮಂದಿ ಕಡಿಮಿ ಆದ್ರ ಬೆಂಕಿ ಹಚ್ಚಾಕ ಬಿಡಂಗಿಲ್ಲ. ಅಲ್ಲಿಗೆ ಹೋದ್ರ ಮಣ್ಣಿಗೆ ಬರಾಕ ಆಗಂಗಿಲ್ರಿ ಅಕ್ಕಾರ."

"ಹೋಗಿ ವೀರಣ್ಣೋರೇ. ಹೆಗಲು ಕೊಡೋಕೆ ಮಗ ಇದಾನೆ, ಮಸೀದಿ ಜನ ಇದಾರೆ. ಅಲ್ಲಿ ಅವರ ಜಾಗ ಖಾಲಿ ಬಿದ್ದಿದೆ. ಮೊದಲು ಮಸೀದಿಗೆ ಹೋಗಿ ಒಂದ್ಸಲ ಮುಖ ನೋಡ್ಕೊಂಡು ಹೋಗಿ."

"ಅಮ್ಮೀ!"

"ನಾವೇನು ಜನಾಜದ ಜೊತೆ ಬೆಂಕಿ ಒಯ್ತಿಲ್ಲ ಇಜಾಜ್. ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಅದು."

ವೀರಣ್ಣ ಎದುರು ಹಾದುಹೋಗುವಾಗ ಇಜಾಜ್ ಮುಖ ಎತ್ತಲಿಲ್ಲ.

ಖಬರಸ್ತಾನದಲ್ಲಿ ಹೆಂಗಸರು ಕಾರುಗಳ ಹತ್ತಿರ ನಿಂತರು. ಇಜಾಜ್ ಗುಂಡಿಗಿಳಿದು ತಂದೆಯನ್ನು ಮಲಗಿಸಿದ. ಮೇಲೆ ಬಂದು ಸಲಿಕೆ ಹಿಡಿದವನು ಯಾರು ಕೇಳಿದರೂ ಕೊಡಲಿಲ್ಲ. ಆ ಸೀಮೆಯ ಕೆಂಪು ಜೇಡಿ ಅವನ ಬಟ್ಟೆಗೆ, ತೋಳಿಗೆ ಮೆತ್ತಿಕೊಂಡಿತು.

ಡೋರಿಸ್ ಸ್ಕಾರ್ಫ್ ಹೊದ್ದು, ಊರುಗೋಲು ಹಿಡಿದು ಬಂದಿದ್ದಳು. ದುಆ ಪ್ರಾರ್ಥನೆ ಮುಗಿದ ಮೇಲೆ ಇಜಾಜ್‌ನ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: "ಕಿಟಕಿಗಳನ್ನೆಲ್ಲ ಮುಚ್ಚಿ ಬಂದಿದ್ದೇನೆ ಮಗು. ನನ್ನ ಆಸ್ತಮಾಗೆ ಹೆದರಿ, ಹೊಗೆ ಏಳುವ ಹೊತ್ತಿಗೆ ತಮ್ಮ ಮನೆಗೇ ಬಂದು ಕೂತಿರು ಅಂದಿದ್ದರು ನಿನ್ನ ಅಪ್ಪ. ನಿನ್ನ ಅಮ್ಮ ಚಹಾ ಮಾಡಿಕೊಡುತ್ತಾರೆ ಅಂತಲೂ ಹೇಳಿದ್ದರು."

ಇಜಾಜ್ ಅಮ್ಮನ ಕಡೆ ತಿರುಗಿದ. ಅಖ್ತರ್ ಬೇಗಂಗೂ ಅದು ಹೊಸ ಸುದ್ದಿ. "ಬನ್ನಿ ಮನೆಗೆ," ಎಂದು ಡೋರಿಸ್‌ಳನ್ನು ತಮ್ಮ ಕಾರಿಗೇ ಹತ್ತಿಸಿಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ವೀರಣ್ಣ ಬಂದರು. ಮುಖ, ಕತ್ತು, ಕೈ ಎಲ್ಲ ಮಸಿ. ಒಳಗೆ ಬರಲು ಹಿಂಜರಿದು ಹಿತ್ತಿಲಲ್ಲೇ ನಿಂತು ಕೂಗಿ ಹೇಳಿದರು: "ಚಲೋ ಸುಟ್ಟೈತ್ರಿ ಅಕ್ಕಾರ. ಬೆಂಕಿ ನಾವು ಹಾಕಿದ ಗೆರಿ ದಾಟಲಿಲ್ಲ."

ಅಖ್ತರ್ ಬೇಗಂ ಅಡುಗೆಮನೆಯ ಕಿಟಕಿಯಿಂದ ತಲೆಯಾಡಿಸಿದರು. ತಿರುಗಿ ಡೋರಿಸ್‌ಗೆ ಚಹಾ ಸೋಸಿದರು.

ಇಜಾಜ್ ಇನ್ನೂ ಬಟ್ಟೆ ಬದಲಿಸಿರಲಿಲ್ಲ. ಹಿತ್ತಿಲಿಗೆ ಇಳಿದವನು ಪೈಪು ಎತ್ತಿಕೊಂಡು, ನಲ್ಲಿ ತಿರುಗಿಸಿ, ವೀರಣ್ಣನ ಕೈಗೆ ನೀರು ಬಿಟ್ಟ. ಅವರು ತೊಳೆದುಕೊಂಡ ಮೇಲೆ ಪೈಪು ತಾವು ಹಿಡಿದು ಅವನ ತೋಳಿಗೆ ನೀರು ಬಿಟ್ಟರು. ಒಬ್ಬನ ಮೈಯ ಕೆಂಪು ಮಣ್ಣು, ಇನ್ನೊಬ್ಬರ ಮೈಯ ಕರಿ ಮಸಿ ಸಿಮೆಂಟಿನ ಮೇಲೆ ಸ್ವಲ್ಪ ದೂರ ಬೇರೆ ಬೇರೆಯಾಗಿ ಹರಿದು, ಒಂದಾಗಿ ಹುಲ್ಲಿಗೆ ಇಳಿದವು.