ಖಾನಾ ಬಂದ್

ತಪ್ಪು ರಸ್ತೆಯದಲ್ಲ, ಡ್ರೈವರ್ ಮಚ್ಚೇಂದ್ರನದಂತೂ ಅಲ್ಲವೇ ಅಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಎಲ್ಲೆಲ್ಲಿ ತಗ್ಗುಗಳಿವೆ ಎಂಬುದು ಅವನಿಗೆ ಬಾಯಿಪಾಠ. ಆದರೆ ಆ ಗುರುವಾರ ರಾಜೇಶ್ವರ ದಾಟುತ್ತಲೇ ಎದುರಿನಿಂದ ಲಾರಿ ಬಂತು, ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ, ಹಳೆಯ ಅಂಬಾಸಿಡರ್ ಧಡ್ ಎಂದು ಕುಸಿದು ಎದ್ದಿತು. ಆ ಏಟಿಗೆ ಮುಂದಿನ ಸೀಟಿನ ಎದುರಿಗೆ ಸಣ್ಣಪುಟ್ಟ ಸಾಮಾನಿಡಲು ಇದ್ದ ಖಾನಾದ ಮುಚ್ಚಳ ಬಾಯಿ ಬಿಟ್ಟಿತು. ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಸ್ಟೀಲಿನ ಗಿಲಾಸೊಂದು ಜಾರಿ ನೇರವಾಗಿ ಬೀಗರ ತೊಡೆಯ ಮೇಲೆ ಬಿತ್ತು.

ಬೀಗರೆಂದರೆ ಬಸವಕಲ್ಯಾಣದ ವೀರಭದ್ರಪ್ಪ. ಮಗಳನ್ನು ಕೊಡುವ ಮನೆ ನೋಡಲು ಹುಮನಾಬಾದಿಗೆ ಬಂದಿದ್ದರು. ನೋಡಿ, ಒಪ್ಪಿ, ಹೊಟ್ಟೆ ತುಂಬ ಹೋಳಿಗೆ ಉಂಡು ಊರಿಗೆ ಮರಳುತ್ತಿದ್ದರು. ಅವರನ್ನು ಬಿಟ್ಟು ಬರಲು ವರನ ತಂದೆ, ತೊಗರಿ ವ್ಯಾಪಾರಿ ವೈಜನಾಥ ಸಾವಕಾರರೇ ಹಿಂದಿನ ಸೀಟಿನಲ್ಲಿ ಕುಳಿತು ಬಂದಿದ್ದರು.

"ಇದೇನ್ರಿ, ಗಾಡ್ಯಾಗ ಗಿಲಾಸ?" ಎಂದರು ವೀರಭದ್ರಪ್ಪ, ಅದನ್ನು ಎತ್ತಿ ಹಿಡಿದು. "ನೀರಿನ ತಂಬಿಗಿ ಹಿಂದ ಅದಲ್ಲ?"

ಸಾವಕಾರರು ಕೆಮ್ಮಿದರು. "ಅದು… ಡ್ರೈವರಂದ್ರಿ. ಚಹಾಕ್ಕ."

"ಯಾಕ, ನಿಮ್ಮನ್ಯಾಗ ಗಿಲಾಸಿಲ್ಲೇನು?"

ಬೀಗರು ಚೇಷ್ಟೆಗೆ ಕೇಳಿದರೋ, ಬೇಕೆಂದೇ ಚುಚ್ಚಿದರೋ, ಹೇಳುವುದು ಕಷ್ಟ. ಆಮೇಲೆ ಅವರಿಗೂ ವಿಷಯ ಹೊಳೆದಿರಬೇಕು, ಗಿಲಾಸನ್ನು ಮೆಲ್ಲಗೆ ಬಟ್ಟೆಯಲ್ಲಿ ಸುತ್ತಿ ಮತ್ತೆ ಖಾನಾದೊಳಗೆ ಇಟ್ಟರು. ಮುಚ್ಚಳ ನಿಲ್ಲಲಿಲ್ಲ. ಬಸವಕಲ್ಯಾಣ ಬರುವವರೆಗೂ ಅದನ್ನು ಒಂದು ಕೈಯಿಂದ ಒತ್ತಿ ಹಿಡಿದೇ ಕುಳಿತರು. ಮಚ್ಚೇಂದ್ರ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಅವನ ಕಿವಿ ಮಾತ್ರ ಕಾದ ಹಂಚಿನಂತೆ ಸುಡುತ್ತಿತ್ತು.

ಆ ಗಿಲಾಸಿಗೆ ಹದಿನೆಂಟು ವರ್ಷ. ಎಪ್ಪತ್ತೆಂಟರಲ್ಲಿ ಮಚ್ಚೇಂದ್ರ ಕೆಲಸಕ್ಕೆ ಸೇರಿದ ಮೊದಲ ದಿನವೇ ಸಾವಕಾರರ ತಾಯಿ ಸೂಗಮ್ಮ ಅದನ್ನು ಕಟ್ಟೆಯ ಮೇಲಿಟ್ಟು, "ಚಹಾ ಕುಡ್ದು ತೊಳ್ಕೊಂಡು ಗಾಡ್ಯಾಗೇ ಇಟ್ಕೋಪಾ, ಒಳಗ ತರಬ್ಯಾಡ" ಎಂದಿದ್ದಳು. ಸಿಟ್ಟಿನಿಂದ ಹೇಳಿದ ಮಾತಲ್ಲ, ಕೊಡೆ ಮೂಲೆಯಲ್ಲಿಡು ಎಂದಷ್ಟೇ ಸಹಜವಾಗಿ ಹೇಳಿದ ಮಾತು. ಅಂದಿನಿಂದ ಸಾವಕಾರರು ಯಾವ ಊರಿಗೆ ಹೋಗಲಿ, ಯಾರ ಮನೆಯ ಮುಂದೆ ಗಾಡಿ ನಿಲ್ಲಲಿ, ಚಹಾದ ಕೆಟಲು ಹೊರಗೆ ಬಂದಾಗ ಮಚ್ಚೇಂದ್ರ ಖಾನಾ ತೆಗೆದು ತನ್ನ ಗಿಲಾಸು ಚಾಚುತ್ತಿದ್ದ. ಸಾವಕಾರರೇನು ಕೆಟ್ಟವರಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಶರಣರ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆ ನಾಲಿಗೆಗೂ ಈ ಗಿಲಾಸಿಗೂ ಮಾತ್ರ ಎಂದೂ ಭೇಟಿಯಾಗಿರಲಿಲ್ಲ.

ಬೀಗರನ್ನು ಇಳಿಸಿ ಗಾಡಿ ಹೊರಳಿದ್ದೇ ತಡ, ಸಾವಕಾರರು ಸಿಡುಕಿದರು.

"ಮಾನ ಹೋತಲ್ಲೋ ನಂದು! ಐತವಾರ ನಿಶ್ಚಯ ಕಾರ್ಯ ಅದ, ಇದೇ ಗಾಡ್ಯಾಗ ಬರ್ತೀವಿ. ಅಷ್ಟರಾಗ ಖಾನಾ ಬಂದ್ ಆಗ್ಬೇಕು. ಏನರೆ ಮಾಡು."

"ಆಯ್ತ್ರಿ" ಎಂದ ಮಚ್ಚೇಂದ್ರ. ಹದಿನೆಂಟು ವರ್ಷದಿಂದ ಅವನ ಬಾಯಲ್ಲಿ ಹೆಚ್ಚು ಸವೆದ ಮಾತು ಅದೇ.

ಶುಕ್ರವಾರ ಎರಡು ಗ್ಯಾರೇಜು ತಿರುಗಿದ. ಒಬ್ಬ ತಂತಿ ಕಟ್ಟು ಅಂದ. ಇನ್ನೊಬ್ಬ, ಈ ಗಾಡಿಯ ಸಾಮಾನು ಈಗ ದೇವರ ಹತ್ತಿರವೂ ಸಿಗಲಿಕ್ಕಿಲ್ಲ ಎಂದು ನಕ್ಕ. ಮಚ್ಚೇಂದ್ರ ಇಬ್ಬರಿಗೂ ಮನಸ್ಸಿನಲ್ಲೇ ಬೈದು, ಮೂರು ಸ್ಕ್ರೂ ಬಿಚ್ಚಿ, ಚಿಲಕವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಬಂದ. ಅಂಗಳದಲ್ಲಿ ಕುಳಿತು ಬಿಚ್ಚಿ ನೋಡಿದರೆ ಒಳಗಿನ ನಾಲಿಗೆ ಸವೆದು ನುಣುಪಾಗಿತ್ತು, ಸ್ಪ್ರಿಂಗು ಎರಡು ತುಂಡಾಗಿತ್ತು. ಹಳೆಯ ಬಾಗಿಲ ಅಗಳಿಯ ಹಿತ್ತಾಳೆ ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು, ಲೋಹ ಸವೆಸುವ ಕಾನಸು ತೆಗೆದುಕೊಂಡು ಉಜ್ಜತೊಡಗಿದ. ಕಿರ್ ಕಿರ್ ಸದ್ದಿಗೆ ಹೆಂಡತಿ ಸುಂದರಬಾಯಿ ಹೊರಗೆ ಬಂದಳು.

"ಏನ್ ಮಾಡಾಕತ್ತೀರಿ, ಕೆಲಸ ಬಿಟ್ಟು?"

"ಇದೂ ಕೆಲಸನ. ಸಾವಕಾರ್ರು ಖಾನಾ ಬಂದ್ ಮಾಡು ಅಂದಾರ."

ಹುಮನಾಬಾದಿನ ಗಲ್ಲಿಗಳಲ್ಲಿ ಗಾಡಿಯ ಪೆಟ್ಟಿಗೆಗೂ ಖಾನಾ ಎನ್ನುತ್ತಾರೆ, ಊಟಕ್ಕೂ ಖಾನಾ ಎನ್ನುತ್ತಾರೆ. ಮಚ್ಚೇಂದ್ರ ಹೇಳಿದ್ದು ಪೆಟ್ಟಿಗೆ, ಸುಂದರಬಾಯಿಗೆ ಕೇಳಿಸಿದ್ದು ಊಟ. ದಿನವೂ ಮಧ್ಯಾಹ್ನ ಸಾವಕಾರರ ಹಿತ್ತಲಿನಲ್ಲಿ, ಬೇವಿನ ಗಿಡದ ಕೆಳಗೆ, ಹಳೆಯ ಪೇಪರಿನ ಮೇಲೆ ಗಂಡನಿಗೆ ಎರಡು ರೊಟ್ಟಿ ಬೀಳುತ್ತಿದ್ದವು. ಆ ರೊಟ್ಟಿ ನಿಂತಿತು ಎಂದು ತಿಳಿದ ಅವಳ ಮುಖ ಹಬ್ಬದ ದಿನದಂತೆ ಅರಳಿತು.

"ಭಾಳ ಚೊಲೋ ಆತ್ ಬಿಡ್ರಿ! ಹದಿನೆಂಟು ವರ್ಷ ತಡ ಆತು ಅಷ್ಟೇ. ನಾಳಿಂದ ನಾನೇ ಬುತ್ತಿ ಕಟ್ತೀನಿ. ತಾಟಿನಾಗ ಹಾಕ್ಕೊಂಡು, ಮನುಷ್ಯಾರ ಹಂಗ ಕುಂತು ಉಣ್ರಿ."

ಮಚ್ಚೇಂದ್ರನ ಕೈಯಲ್ಲಿ ಕಾನಸು ನಿಂತಿತು. ಹೆಂಡತಿ ಇಷ್ಟು ಖುಷಿಪಡಬಹುದೆಂದು, ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತು ಮಾಡಿಕೊಂಡಿರಲಿಲ್ಲವೋ.

"ಆ ಖಾನಾ ಅಲ್ಲ" ಎಂದ ತಗ್ಗಿದ ದನಿಯಲ್ಲಿ. "ಗಾಡೀ ಖಾನಾ. ಚಿಲಕ ಮುರ್ದದ. ಮುಚ್ಚಳ ತೆರ್ಕೊಂಡು ಗಿಲಾಸ ಬೀಗರ ಮೈಮ್ಯಾಲ ಬಿತ್ತು. ಸಾವಕಾರ್ರಿಗಿ ನಾಚಿಕಿ ಆಗ್ಯಾದ."

ಸುಂದರಬಾಯಿ ಮೊದಲು ನಕ್ಕಳು. ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವನ ಎದುರಿಗೇ ನೆಲದ ಮೇಲೆ ಕುಳಿತಳು.

"ಗಿಲಾಸ ಇಡಾಕ ನಾಚಿಕಿ ಇಲ್ಲ, ಕಂಡ್ರ ನಾಚಿಕಿ. ಹೌದಿಲ್ರಿ? ಅದು ಕಾಣಬಾರ್ದು ಅಂತ ನೀವೇ ಚಿಲಕ ಮಾಡಾಕತ್ತೀರಿ, ನಿಮ್ಮ ಕೈಯಾರೆ."

"ನೌಕರಿ ಅದು, ಸುಂದರಾ."

"ನೌಕರಿ ಗಾಡಿ ಹೊಡೆಯೋದು. ಗಿಲಾಸ ಬಚ್ಚಿಡೋದಲ್ಲ."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಮಚ್ಚೇಂದ್ರನಿಗೆ ಸಿಟ್ಟು ಬಂತು. ಮೊದಲು ಅವಳ ಮೇಲೆ, ಆಮೇಲೆ ಸಾವಕಾರರ ಮೇಲೆ, ಕೊನೆಗೆ ತನ್ನ ಮೇಲೆಯೇ. ಹಿತ್ತಾಳೆ ತುಂಡನ್ನು ಚರಂಡಿಗೆ ಎಸೆದುಬಿಡೋಣ ಎನ್ನಿಸಿತು. ಎಸೆಯಲಿಲ್ಲ. ಮುರಿದದ್ದನ್ನು ಮುರಿದಂತೆ ಬಿಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಆ ಗಾಡಿಯ ಒಂದೊಂದು ನಟ್ಟನ್ನೂ ತಾನೇ ಬಿಗಿದು ಇಷ್ಟು ವರ್ಷ ಓಡಿಸಿದವನು ಅವನು. ಚಿಲಕ ಏನು ಪಾಪ ಮಾಡಿದೆ? ಚಿಲಕ ಆಗುತ್ತದೆ, ಹೊಸದಕ್ಕಿಂತ ಚೆನ್ನಾಗಿ ಆಗುತ್ತದೆ. ಅದರ ಹಿಂದೆ ಏನಿಡಬೇಕು ಎನ್ನುವುದು ಬೇರೆ ಮಾತು.

ಶನಿವಾರ ಸಂಜೆಯವರೆಗೂ ಬಿಡದೆ ಉಜ್ಜಿದ. ನಾಲಿಗೆಯ ಒಂದು ಬದಿ ಇಳಿಜಾರಾಗಿರಬೇಕು, ದೂಡಿದರೆ ಸರಿಯಬೇಕು. ಇನ್ನೊಂದು ಬದಿ ನೆಟ್ಟಗಿರಬೇಕು, ಎಳೆದರೆ ಬಿಡಬಾರದು. ಇಳಿಜಾರು ಕೂದಲೆಳೆಯಷ್ಟು ಹೆಚ್ಚಾದರೂ ಗಾಡಿ ಜಿಗಿದಾಗ ಮತ್ತೆ ಬಾಯಿ ಬಿಡುತ್ತದೆ. ಪೆನ್ನಿನ ಸ್ಪ್ರಿಂಗು ಹಾಕಿ ನೋಡಿದ, ಬಲ ಸಾಲಲಿಲ್ಲ. ಎರಡು ಸ್ಪ್ರಿಂಗುಗಳನ್ನು ಒಂದರೊಳಗೊಂದು ತಿರುವಿ ಕೂಡಿಸಿದ. ಆಗ ನಾಲಿಗೆ ಟಕ್ ಎಂದು ಹೊರಗೆ ಬಂತು. ಒಬ್ಬನೇ ಕುಳಿತು ಹತ್ತು ಸಲ ಒತ್ತಿ ಒತ್ತಿ ನೋಡಿ ಸಂತೋಷಪಟ್ಟ.

ಭಾನುವಾರ ಬೆಳಿಗ್ಗೆ ಸಾವಕಾರರ ಮನೆಯ ಮುಂದೆ ತೊಳೆದ ಗಾಡಿ ನಿಂತಿತ್ತು. ಸೂಗಮ್ಮ ಇಳಕಲ್ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಹಣ್ಣು ಸಕ್ಕರೆಯ ಬುಟ್ಟಿಗಳು. ಮುಂದೆ ಬಂದು ಕುಳಿತ ಸಾವಕಾರರು ಖಾನಾ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಟಕ್, ಟಕ್.

"ವಾಹ್! ಕಂಪನಿಯವರ್ನೂ ಮೀರ್ಸಿದಿ ಬಿಡು" ಎಂದವರು ಇನ್ನೊಮ್ಮೆ ತೆರೆದಾಗ ಒಳಗೆ ಇಣುಕಿದರು. ಗಾಡಿಯ ಕಾಗದಗಳಿದ್ದವು, ಒಂದು ಒರೆಸುವ ಬಟ್ಟೆ ಇತ್ತು. "ಗಿಲಾಸ ಎಲ್ಲದ?"

"ಮನ್ಯಾಗದ್ರಿ. ನಮ್ಮಾಕಿ ಹಿಟ್ಟು ಅಳ್ಯಾಕ ತಗೊಂಡಾಳ."

"ಮತ್ತ ನೀ ಚಹಾ ಹ್ಯಾಂಗ ಕುಡಿತಿ?"

"ಎಲ್ಲರೂ ಕುಡಿಯೋ ಹಂಗ್ರಿ."

ಹಿಂದಿನಿಂದ ಸೂಗಮ್ಮ ಮುಂದಕ್ಕೆ ಬಾಗಿದಳು. "ಏನಂತಾನೋ ವೈಜನಾಥ ಇವ?"

ಸಾವಕಾರರು ಹೊರಡು ಎಂದು ಮಚ್ಚೇಂದ್ರನಿಗೆ ಕೈಬೀಸಿದರು. ಹತ್ತೂವರೆಯ ಮುಹೂರ್ತ, ಗಡಿಯಾರ ಆಗಲೇ ಒಂಬತ್ತು ತೋರಿಸುತ್ತಿತ್ತು. ಸ್ಟಿಯರಿಂಗಿನ ಕೆಳಗೆ ಹ್ಯಾಂಡ್ ಗೇರಿದ್ದ ಆ ಮುದಿ ಗಾಡಿ ಮಚ್ಚೇಂದ್ರನ ಕೈಗಲ್ಲದೆ ಇನ್ನೊಬ್ಬರ ಕೈಗೆ ಬಗ್ಗುತ್ತಿರಲಿಲ್ಲ. ಅದು ಸಾವಕಾರರಿಗೂ ಗೊತ್ತಿತ್ತು, ಮಚ್ಚೇಂದ್ರನಿಗೂ ಗೊತ್ತಿತ್ತು.

ಬೀಗರ ಮನೆಯಲ್ಲಿ ಶಾಸ್ತ್ರ ಮುಗಿಯುವವರೆಗೆ ಮಚ್ಚೇಂದ್ರ ಗಾಡಿಗೆ ಒರಗಿ ನಿಂತಿದ್ದ. ಒಳಗಿನಿಂದ ಚಹಾದ ಕಪ್ಪು-ಬಸಿಗಳ ಸದ್ದು ಕೇಳಿದಾಗ ಬಾಗಿಲ ಕಡೆ ನಡೆದ. ಅದನ್ನೇ ಕಾಯುತ್ತಿದ್ದವರಂತೆ ಸಾವಕಾರರು ಹೊರಗೆ ಬಂದು ಅಡ್ಡ ನಿಂತರು.

"ಗಾಡ್ಯಾಗ ಕೂಡು. ನಿನಗ ಅಲ್ಲೇ ಕಳಿಸ್ತೀನಿ."

"ಯಾವುದರಾಗ ಕಳಿಸ್ತೀರಿ?"

ಸಾವಕಾರರ ದನಿ ಗಡುಸಾಯಿತು. "ಮಚ್ಚೇಂದ್ರ, ಮಂದ್ಯಾಗ ನನ್ನ ಮಾನ ಕಳೀಬ್ಯಾಡ. ಹೊಸ್ತಿಲ ದಾಟಿದ್ರ ನಾಳಿಂದ ನೌಕರಿಗಿ ಬರಬ್ಯಾಡ. ತಿಳೀತಾ?"

ಮಚ್ಚೇಂದ್ರನಿಗೆ ಹೆದರಿಕೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗಳು ಆಮ್ರಪಾಲಿ ಹತ್ತನೆಯ ತರಗತಿಯಲ್ಲಿದ್ದಳು, ನಲವತ್ತೈದು ದಾಟಿದ ಡ್ರೈವರನಿಗೆ ಹೊಸ ಕೆಲಸ ಯಾರು ಇಟ್ಟುಕೊಂಡು ಕಾಯುತ್ತಾರೆ? ಅವನು ಬಾಗಿದ. ಕಾಲಿಗೆ ಬೀಳುತ್ತಾನೆಂದುಕೊಂಡ ಸಾವಕಾರರು ಹಗುರಾಗಿ ಹಿಂದೆ ಸರಿದರು. ಮಚ್ಚೇಂದ್ರ ಬಾಗಿದ್ದು ಚಪ್ಪಲಿ ಬಿಡಲಿಕ್ಕೆ. ಬಿಟ್ಟ ಚಪ್ಪಲಿಯನ್ನು ಎಲ್ಲರ ಚಪ್ಪಲಿಯ ಸಾಲಿನಲ್ಲಿ ನೀಟಾಗಿ ಇಟ್ಟು, ಸಾವಕಾರರು ಸರಿದ ಜಾಗದಿಂದಲೇ ಹೊಸ್ತಿಲು ದಾಟಿದ.

ಜಮಖಾನದ ಮೇಲೆ ಮೂಲೆಯಲ್ಲಿ ಜಾಗವಿತ್ತು, ನಡುವೆಯೂ ಇತ್ತು. ನಡುವೆ ಹೋಗಿ ಕುಳಿತ. ವೀರಭದ್ರಪ್ಪನವರು ಅವನನ್ನು ಕಂಡರು, ಗುರುತು ಹಿಡಿದರು, ಆಮೇಲೆ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಗುರುವಾರ ಕಾರಿನಲ್ಲಿ ಅಷ್ಟು ಚುರುಕಾಗಿದ್ದ ಬಾಯಿ ತಮ್ಮ ಮನೆಯಲ್ಲಿ ಬಿಚ್ಚಲಿಲ್ಲ. ಬೀಗರ ಹಿರಿಯ ಸೊಸೆ ವಿಜಯಶ್ರೀ ಚಹಾದ ಟ್ರೇ ಹಿಡಿದು ಸಾಲಾಗಿ ಬಂದವಳು ಮಚ್ಚೇಂದ್ರನ ಎದುರಿಗೆ ಬಂದು ನಿಂತುಬಿಟ್ಟಳು. ಮಾವನ ಮುಖ ನೋಡಿದಳು, ಸಾವಕಾರರ ಮುಖ ನೋಡಿದಳು. ಟ್ರೇಯಲ್ಲಿನ ಚಹಾ ಆರುತ್ತಿತ್ತು.

ಮಚ್ಚೇಂದ್ರ ಕೈ ಚಾಚಿ ತಾನೇ ಒಂದು ಕಪ್ಪು ಬಸಿ ಎತ್ತಿಕೊಂಡ. ಬಸಿಯನ್ನು ನೆಲಕ್ಕಿಟ್ಟು, ಕೂದಲೆಳೆಯ ಲೆಕ್ಕದಲ್ಲಿ ಹಿತ್ತಾಳೆ ಉಜ್ಜಿದ ಕೈಯಿಂದ ಕಪ್ಪನ್ನು ಗಟ್ಟಿಯಾಗಿ ಹಿಡಿದ. ಒಂದು ಗುಟುಕು ಕುಡಿದ. ಇಷ್ಟು ವರ್ಷ ಎಷ್ಟೋ ಮನೆಯ ಚಹಾ ಕುಡಿದಿದ್ದ, ಅದು ಹೇಗಿದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

"ತಂಗೀ" ಎಂದ, ಕಪ್ಪನ್ನು ತಿರುಗಿ ಟ್ರೇಯಲ್ಲಿಡುತ್ತ. "ಚಹಾ ಆರಿ ಹೋಗ್ಯಾದ. ಬಿಸಿ ಮಾಡ್ಕೊಂಡು ಬಾರವ್ವ."

ವಿಜಯಶ್ರೀ ಒಂದು ಕ್ಷಣ ಅವನನ್ನೇ ನೋಡಿದಳು. "ತರ್ತೀನ್ರಿ" ಎಂದು ಒಳಗೆ ಹೋದಳು.

ಸೂಗಮ್ಮ ತನ್ನ ಕಪ್ಪನ್ನು ಹಾಗೆಯೇ ಕೆಳಗಿಟ್ಟು ಎದ್ದಳು. "ನಡಿ ವೈಜನಾಥ. ಗಾಡಿ ತಗಿ ಅನ್ನು ಅವಗ."

ಬಾಗಿಲಲ್ಲೇ ನಿಂತಿದ್ದ ಸಾವಕಾರರು ಮಚ್ಚೇಂದ್ರನ ಕಡೆ ನೋಡಿದರು. "ಗಾಡಿ ತಗಿ."

ಮಚ್ಚೇಂದ್ರ ಚಕ್ಕಳಮಕ್ಕಳ ಹಾಕಿ ಕುಳಿತ ಕಾಲನ್ನು ಕದಲಿಸಲಿಲ್ಲ.

"ಕೂಡ್ರಿ ಸಾವಕಾರ್ರೆ" ಎಂದ. "ನಂದಿನ್ನ ಚಹಾ ಆಗಿಲ್ಲ."